ಮನೆಯಲ್ಲೇ ಗಟ್ಟಿ ಹಾಲಿನ ಕುಲ್ಫಿ, ಐಸ್‌ಕ್ರೀಮ್: ಜೈನ ಅಡುಗೆಮನೆಗೆ ತಿಳಿದಿರಬೇಕಾದ ವಿಷಯಗಳು

ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್ ದಾಟಿ ಯಲಚೇನಹಳ್ಳಿ ಕಡೆಗೆ ಹೊರಟರೆ ನಡುವೆ ಸಿಗುವ ಊರು ಜರಗನಹಳ್ಳಿ. ಊರು ಎನ್ನುವುದು ಈಗ ಹೆಸರಿಗೆ ಮಾತ್ರ. ಜೆ.ಪಿ. ನಗರದ ಬಡಾವಣೆಗಳು ಸುತ್ತ ಬೆಳೆದು, 2017ರಲ್ಲಿ ಮೆಟ್ರೋ ಯಲಚೇನಹಳ್ಳಿಯವರೆಗೆ ಬಂದ ಮೇಲೆ ಅದು ಪೂರ್ತಿ ನಗರವೇ ಆಗಿದೆ. ಹೋಳಿ ಕಳೆದು ಬಿಸಿಲು ಏರಿತೆಂದರೆ ಇಲ್ಲಿಯ ಪ್ರತಿ ಅಂಗಡಿಯ ಮುಂದೆ ಐಸ್‌ಕ್ರೀಮಿನ ಫ್ರೀಜರ್ ಪೆಟ್ಟಿಗೆ ಕಾಣುತ್ತದೆ. ಶಾಲೆಗೆ ರಜೆ ಬಿಟ್ಟ ಮಕ್ಕಳನ್ನು ಅದರ ಮುಂದಿನಿಂದ ಎಳೆದುಕೊಂಡು ಬರುವುದು ಯಾವ ಅಜ್ಜಿಯಿಂದಲೂ ಆಗುವ ಕೆಲಸವಲ್ಲ.

ಜೈನ ಮನೆಗಳಲ್ಲಿ ಈ ವಿಷಯ ಸ್ವಲ್ಪ ಬಿಕ್ಕಟ್ಟಿನದು. ಹುಟ್ಟುಹಬ್ಬ ಎಂದರೆ ಸಂಜೆ ಏಳೂವರೆಗೆ ಕೇಕು, ಅದರ ಹಿಂದೆ ಐಸ್‌ಕ್ರೀಮು. ರಾತ್ರಿ ಭೋಜನ ತ್ಯಾಗ ಮಾಡಿದ ಹಿರಿಯರು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಮಕ್ಕಳು ಏನು ತಿಂದರು, ಅದರಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹಬ್ಬದ ದಿನ ಜಗಳ. ಈ ಲೇಖನ ಮನೆಯಲ್ಲೇ ದಪ್ಪ ಹಾಲಿನ ಕುಲ್ಫಿ ಮತ್ತು ಐಸ್‌ಕ್ರೀಮ್ ಮಾಡುವ ಕ್ರಮವನ್ನು ಹೇಳುತ್ತದೆ. ಜೊತೆಗೆ ಅದೇ ಪಾತ್ರೆಯ ಹಾಲಿನಿಂದ, ಐಸ್ ಮುಟ್ಟದ ಹಿರಿಯರಿಗೂ ಒಂದು ಬಟ್ಟಲು ಹೇಗೆ ತೆಗೆದಿಡಬಹುದು ಎಂಬುದನ್ನೂ ಹೇಳುತ್ತದೆ.

ಮೊದಲು ಶಾಸ್ತ್ರದ ಮಾತು

ಮನೆಯಲ್ಲಿ ಮಾಡಿದ್ದರಿಂದ ಐಸ್‌ಕ್ರೀಮ್ ಎಲ್ಲರಿಗೂ ಸಲ್ಲುವ ಪದಾರ್ಥವಾಗುತ್ತದೆ ಎಂದು ಯಾರೂ ತಿಳಿಯಬಾರದು. ಇದನ್ನು ಮುಂಚೆಯೇ ಹೇಳುವುದು ಒಳ್ಳೆಯದು. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಲ್ಲಿ ಹೇಳುವ 22 ಅಭಕ್ಷ್ಯಗಳ ಪಟ್ಟಿಯಲ್ಲಿ ಹಿಮ ಅಥವಾ ತುಷಾರ ಇದೆ, ಆಲಿಕಲ್ಲೂ ಇದೆ. ಎರಡು ಪಟ್ಟಿಗಳಲ್ಲಿ ಕೆಲವು ಪದಾರ್ಥಗಳು ಬೇರೆ ಬೇರೆಯಾದರೂ ಈ ಎರಡರ ವಿಷಯದಲ್ಲಿ ಭೇದವಿಲ್ಲ. ನೀರಿನ ಒಂದು ಹನಿಯಲ್ಲೇ ಅಸಂಖ್ಯಾತ ಜಲಕಾಯ ಜೀವಗಳಿವೆ, ಹೆಪ್ಪುಗಟ್ಟಿದ ನೀರನ್ನು ತಿನ್ನುವುದು ಬದುಕಿಗೆ ಅಗತ್ಯವೂ ಅಲ್ಲ ಎಂಬುದು ಇದರ ಹಿಂದಿನ ವಿಚಾರ.

ಹಾಗಾದರೆ ಹಾಲನ್ನು ಹೆಪ್ಪುಗಟ್ಟಿಸಿದರೆ? ಹಾಲಿನಲ್ಲಿಯೂ ಬಹುಭಾಗ ನೀರೇ. ವ್ರತ ಹಿಡಿದವರು, ಪ್ರತಿಮಾಧಾರಿಗಳು ಇದನ್ನೂ ಬಿಡುತ್ತಾರೆ. ಸಾಮಾನ್ಯ ಗೃಹಸ್ಥರ ಮನೆಗಳಲ್ಲಿ ಕುದಿಸಿದ ಹಾಲಿನದ್ದಾದರೆ ನಡೆಯುತ್ತದೆ, ಐಸ್ ತುಂಡು ಹಾಕಿದ ಪಾನೀಯ ಬೇಡ ಎನ್ನುವವರೂ ಇದ್ದಾರೆ. ಅಷ್ಟಮಿ, ಚತುರ್ದಶಿ ಮತ್ತು ಪರ್ವದ ದಿನಗಳಲ್ಲಿ ಬೇಡ, ಉಳಿದ ದಿನ ಮಕ್ಕಳಿಗೆ ಇರಲಿ ಎನ್ನುವ ಮನೆಗಳೇ ಹೆಚ್ಚು. ಸಂಶಯವಿದ್ದವರು ತಮ್ಮ ಗುರುಗಳನ್ನು ಕೇಳಿ ನಿರ್ಣಯ ಮಾಡಿಕೊಳ್ಳಬೇಕು. ಅಡುಗೆ ಪುಸ್ತಕ ಕೊಡುವ ಉತ್ತರ ಇದಕ್ಕೆ ಸಾಲದು.

ಇದರ ಜೊತೆಗೆ ಹಾಲಿನ ಮರ್ಯಾದೆ, ಅಂದರೆ ಕಾಲಮಿತಿ. ಶುದ್ಧದ ನಿಯಮ ಪಾಲಿಸುವವರು ಕರೆದ ಹಾಲನ್ನು ಸೋಸಿ 48 ನಿಮಿಷದೊಳಗೆ ಕುದಿಸಬೇಕು, ಕುದಿಸಿದ ಹಾಲನ್ನು 24 ಗಂಟೆಯೊಳಗೆ ಬಳಸಬೇಕು ಎಂದು ಲೆಕ್ಕ ಇಡುತ್ತಾರೆ. ಪ್ಯಾಕೆಟ್ ಹಾಲು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅಂಥವರು ಹಸು ಕಟ್ಟಿರುವ ಪರಿಚಯದ ಮನೆಯಿಂದಲೇ ತರಬೇಕು. ಪ್ಯಾಕೆಟ್ ಹಾಲು ಬಳಸುವ ಮನೆಯವರೂ ಕುದಿಸಿದ ದಿನವೇ ಮುಗಿಸುವ ಅಭ್ಯಾಸ ಇಟ್ಟುಕೊಂಡರೆ ಧರ್ಮಕ್ಕೂ ಹೊಟ್ಟೆಗೂ ಒಳ್ಳೆಯದು. ಎಲ್ಲ ಕಡೆ ಬರೆದಿರುತ್ತದೆ, ರಾತ್ರಿಯಿಡೀ ಫ್ರೀಜರಿನಲ್ಲಿಡಿ ಎಂದು. ಹಾಗೆ ಇಡಬೇಕಾದ ಅಗತ್ಯವಿಲ್ಲ. ಬೆಳಿಗ್ಗೆ ಕುದಿಸಿ ಸೂರ್ಯಾಸ್ತದೊಳಗೆ ತಿನ್ನುವ ಕ್ರಮ ಮುಂದೆ ಇದೆ.

ಹಸಿರು ಚುಕ್ಕೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ

ಹೊರಗಿನದನ್ನು ತಂದರೂ ಸರಿ, ಮನೆಯಲ್ಲಿ ಮಾಡಲು ಸಾಮಾನು ತಂದರೂ ಸರಿ, ನಮ್ಮವರು ನೋಡುವುದು ಹಸಿರು ಚುಕ್ಕೆ ಒಂದನ್ನೇ. ಚುಕ್ಕೆ ಬೇಕೇ ಬೇಕು, ಆದರೆ ಅದು ಜೈನರಿಗಾಗಿ ಮಾಡಿದ ಗುರುತಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮದಲ್ಲಿ ಮಾಂಸಾಹಾರ ಎಂದರೇನು ಎಂದು ಹೇಳುವಾಗ ಹಾಲು, ಹಾಲಿನ ಪದಾರ್ಥಗಳ ಜೊತೆಗೆ ಜೇನುತುಪ್ಪ, ಜೇನುಮೇಣ ಮತ್ತು ಅರಗನ್ನು ಹೊರಗಿಟ್ಟಿದ್ದಾರೆ. ಅಂದರೆ ಜೇನು ಸೇರಿಸಿದ ಐಸ್‌ಕ್ರೀಮ್ ಡಬ್ಬಿಯ ಮೇಲೂ ಹಸಿರು ಚುಕ್ಕೆ ಇರಬಹುದು, ಕಾನೂನಿನಲ್ಲಿ ಅದು ತಪ್ಪಲ್ಲ. ನಮ್ಮಲ್ಲಿ ಶ್ರಾವಕನ ಅಷ್ಟ ಮೂಲಗುಣ ಶುರುವಾಗುವುದೇ ಮದ್ಯ, ಮಾಂಸ, ಮಧು ಈ ಮೂರನ್ನು ಬಿಡುವುದರಿಂದ. 'ಹನಿ ಆಲ್ಮಂಡ್', 'ಹನಿ ನಟ್' ಎಂಬ ಹೆಸರಿನ ಡಬ್ಬಿಗಳನ್ನು ಚುಕ್ಕೆ ನೋಡಿ ಮನೆಗೆ ತಂದವರು ಕಡಿಮೆಯೇನಿಲ್ಲ.

ಗೆಡ್ಡೆ ಗೆಣಸಿನ ವಿಷಯದಲ್ಲೂ ಅಷ್ಟೆ. ಬೀಟ್‌ರೂಟಿನಿಂದ ತೆಗೆದ ಕೆಂಪು ಬಣ್ಣಕ್ಕೆ 162 ಎಂಬ ಸಂಖ್ಯೆ. ಗುಲಾಬಿ ಬಣ್ಣದ ಐಸ್‌ಕ್ರೀಮುಗಳಲ್ಲಿ ಇದು ಬರುತ್ತದೆ. ಕ್ಯಾರೆಟ್ ಹಲ್ವ ಬೆರೆಸಿದ ಕುಲ್ಫಿ, ಶುಂಠಿ ಹಾಕಿದ ಐಸ್‌ಕ್ರೀಮ್ ಎಲ್ಲವೂ ಹಸಿರು ಚುಕ್ಕೆಯವೇ. ಮಂದ ಮಾಡಲು ಬಳಸುವ ಅಗರ್ ಅಗರ್ ಅಥವಾ ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ ಬರುತ್ತದೆ, ಅದರ ಸಂಖ್ಯೆ 406. ಕ್ಯಾರಜೀನನ್ 407, ಅದೂ ಪಾಚಿಯದೇ. ಪಾಚಿ ಅನಂತಕಾಯ ಎಂದು ಇವನ್ನು ಬಿಡುವವರಿದ್ದಾರೆ. ಆರಾರೂಟ್ ಪುಡಿಯೂ ಗೆಡ್ಡೆಯಿಂದ ತೆಗೆದದ್ದು. ಕಸ್ಟರ್ಡ್ ಪುಡಿ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಹಿಟ್ಟು, ಬಣ್ಣ ಮತ್ತು ಪರಿಮಳ. ಆದರೂ ಡಬ್ಬಿಯ ಹಿಂಬದಿ ಓದಿ ತರಬೇಕು.

ಅಂಜೂರದ ಐಸ್‌ಕ್ರೀಮ್ ಈಗ ಬಹಳ ನಡೆಯುತ್ತದೆ. ಪಂಚ ಉದುಂಬರ ಫಲಗಳ ಜಾತಿಯದೆಂದು ಅನೇಕ ಮನೆಗಳಲ್ಲಿ ಅಂಜೂರ ಬಿಟ್ಟಿರುತ್ತಾರೆ. ಮದುವೆ ಮನೆಯ ಕ್ಯಾಟರಿಂಗ್‌ನವರಿಗೆ ಇದನ್ನು ಮೊದಲೇ ಹೇಳದಿದ್ದರೆ ಊಟದ ಹೊತ್ತಿಗೆ ಏನೂ ಮಾಡುವ ಹಾಗಿರುವುದಿಲ್ಲ.

ಇನ್ನು ಮನೆಯಲ್ಲಿ ಮಾಡುವವರು ಕೇಕಿನ ಸಾಮಾನಿನ ಅಂಗಡಿಯಲ್ಲಿ ಕೇಳುವ ಎರಡು ಪುಡಿಗಳು, ಜಿ.ಎಂ.ಎಸ್. ಮತ್ತು ಸಿ.ಎಂ.ಸಿ. ಸಿ.ಎಂ.ಸಿ. ಸಸ್ಯದ ನಾರಿನಿಂದ ಮಾಡಿದ ಅಂಟು, ಅದರಲ್ಲಿ ತೊಡಕಿಲ್ಲ. ಜಿ.ಎಂ.ಎಸ್. ಎಂದರೆ ಗ್ಲಿಸರಾಲ್ ಮಾನೊಸ್ಟಿಯರೇಟ್. 471 ಎಂಬ ಸಂಖ್ಯೆಯ ಗುಂಪಿಗೆ ಸೇರಿದ್ದು. ಜಿಡ್ಡು ಮತ್ತು ನೀರನ್ನು ಕೂಡಿಸಿ ಹಿಡಿಯುವುದು ಇದರ ಕೆಲಸ. ಇದನ್ನು ತಾಳೆ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿ ಕೊಬ್ಬಿನಿಂದಲೂ ಮಾಡಬಹುದು. ತಯಾರಾದ ಮೇಲೆ ಎರಡೂ ಒಂದೇ ಬಿಳಿ ಪುಡಿ, ನೋಡಿ ಗುರುತಿಸಲು ಬರುವುದಿಲ್ಲ. ಕಂಪನಿಯ ಹೆಸರು, ಹಸಿರು ಚುಕ್ಕೆ, ಪರವಾನಗಿ ಸಂಖ್ಯೆ ಇರುವ ಪ್ಯಾಕೆಟ್ ಬೇರೆ. ಚೀಟಿ ಇಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಐವತ್ತು ಗ್ರಾಂ ಕಟ್ಟಿಕೊಡುವುದು ಬೇರೆ. ವ್ಯಾಪಾರ ಮಾಡಿ ಬಲ್ಲವರು ಹೇಳುವ ಮಾತು ಒಂದೇ: ಬಿಡಿ ಪುಡಿ ಎಲ್ಲಿಂದ ಬಂತು ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಸಂಖ್ಯೆಗಳ ಹಿಂದೆ ಮೂಲ ಮರೆಯಾಗುವ ಈ ಸಮಸ್ಯೆ ನ್ಯಾಯಾಲಯಕ್ಕೂ ಹೋಗಿದೆ. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, ಪದಾರ್ಥಗಳನ್ನು ಸಂಖ್ಯೆಯಲ್ಲಿ ಮಾತ್ರ ಬರೆದರೆ ಸಾಲದು, ಅವು ಸಸ್ಯದ್ದೋ ಪ್ರಾಣಿಯದ್ದೋ ಎಂದು ಪೂರ್ತಿ ತಿಳಿಸಬೇಕು ಎಂದು ಹೇಳಿತು.

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದವರು ಇನ್ನೂ ಎಚ್ಚರ ವಹಿಸಬೇಕು. ಅಲ್ಲಿ ಹಸಿರು ಚುಕ್ಕೆಯೇ ಇಲ್ಲ. ಐಸ್‌ಕ್ರೀಮಿಗೆ ಮೊಟ್ಟೆಯ ಹಳದಿ ಹಾಕುವುದು ಅಲ್ಲಿ ಸಾಮಾನ್ಯ. 120 ಎಂದಿದ್ದರೆ ಅದು ಕೀಟವನ್ನು ಒಣಗಿಸಿ ತೆಗೆದ ಕೆಂಪು ಬಣ್ಣ.

ಜೆಲ್ಲಿಯ ಮಾತನ್ನೂ ಇಲ್ಲೇ ಮುಗಿಸಬಹುದು. ಮಂಗಳೂರು, ಉಡುಪಿ ಕಡೆಯ ಗಡ್‌ಬಡ್ ಐಸ್‌ಕ್ರೀಮ್ ಈಗ ಬೆಂಗಳೂರಿನಲ್ಲೂ ಎಲ್ಲ ಕಡೆ ಸಿಗುತ್ತದೆ. ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮ್, ಹಣ್ಣು, ಗೋಡಂಬಿ, ನಡುವೆ ಜೆಲ್ಲಿ. ಆ ಜೆಲ್ಲಿ ಜೆಲಟಿನ್‌ನಿಂದ ಆದದ್ದಾದರೆ ಅದು ಪ್ರಾಣಿಗಳ ಮೂಳೆ, ಚರ್ಮದ ಸಾರ. ಪಾಚಿಯ ಅಂಟಿನಿಂದ ಮಾಡಿದ ಜೆಲ್ಲಿಗಳೂ ಇವೆ. ಯಾವುದು ಎಂದು ಕೇಳಿ, ಹೇಳದಿದ್ದರೆ ಜೆಲ್ಲಿ ಹಾಕಬೇಡಿ ಎಂದು ಹೇಳಬಹುದು. ಹೋಟೆಲಿನವರು ಬೇಸರ ಮಾಡಿಕೊಳ್ಳುವುದಿಲ್ಲ.

ವೆನಿಲ್ಲಾ ಸಾರ, ಅಂದರೆ ಎಕ್ಸ್‌ಟ್ರ್ಯಾಕ್ಟ್, ಮದ್ಯಸಾರದಲ್ಲಿ ಕಾಯಿ ನೆನೆಸಿ ತೆಗೆದದ್ದು. ಅದರ ಬದಲು ವೆನಿಲ್ಲಾ ಕಾಯಿಯನ್ನೇ ಸೀಳಿ ಹಾಲಿಗೆ ಹಾಕಿ ಕುದಿಸಬಹುದು. ನಮ್ಮ ಮಲೆನಾಡು, ದಕ್ಷಿಣ ಕನ್ನಡದ ತೋಟಗಳಲ್ಲಿಯೇ ಬೆಳೆಯುವ ಬಳ್ಳಿ ಅದು. 2003ರ ಸುಮಾರಿಗೆ ಬೆಲೆ ಆಕಾಶಕ್ಕೇರಿ, ಆಮೇಲೆ ಕುಸಿದು ಬೆಳೆಗಾರರನ್ನು ಮಲಗಿಸಿದ ಕತೆ ಆ ಕಡೆಯವರಿಗೆಲ್ಲ ಗೊತ್ತು. ನಿಜ ಹೇಳಬೇಕೆಂದರೆ ಏಲಕ್ಕಿ, ಕೇಸರಿ ಇರುವಾಗ ವೆನಿಲ್ಲಾ ಬೇಕಾಗಿಯೇ ಇಲ್ಲ.

ಐಸ್‌ಕ್ರೀಮ್ ಯಾವುದು, ಫ್ರೋಜನ್ ಡೆಸರ್ಟ್ ಯಾವುದು

ಅಂಗಡಿಯ ಫ್ರೀಜರಿನಲ್ಲಿ ಎರಡು ಜಾತಿಯ ಡಬ್ಬಿಗಳು ಪಕ್ಕಪಕ್ಕದಲ್ಲೇ ಇರುತ್ತವೆ. ನಿಯಮದ ಪ್ರಕಾರ ಬರೀ 'ಐಸ್‌ಕ್ರೀಮ್' ಎಂದು ಬರೆಯಬೇಕಾದರೆ ಅದರಲ್ಲಿ ನೂರಕ್ಕೆ ಕನಿಷ್ಠ 10 ಭಾಗ ಹಾಲಿನ ಜಿಡ್ಡು, ಒಟ್ಟು 36 ಭಾಗ ಘನಾಂಶ ಇರಬೇಕು. 'ಫ್ರೋಜನ್ ಡೆಸರ್ಟ್' ಎಂದಿದ್ದರೆ ಜಿಡ್ಡು ಸಸ್ಯದ ಎಣ್ಣೆಯದು. ಅದು ಅಶುದ್ಧವೇನಲ್ಲ, ಆದರೆ ಹಾಲಿನ ಐಸ್‌ಕ್ರೀಮ್ ಎಂದುಕೊಂಡು ದುಡ್ಡು ಕೊಡುವುದು ಬೇಡ. ಇನ್ನೊಂದು ಲೆಕ್ಕವೂ ಇದೆ. ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಿದರೆ ಸಾಕು ಎನ್ನುತ್ತದೆ ನಿಯಮ. ಲೀಟರ್ ಡಬ್ಬಿಯಲ್ಲಿ ಹೆಚ್ಚು ಕಡಿಮೆ ಅರ್ಧ ಗಾಳಿ ಇರಬಹುದು ಎಂದಾಯಿತು. ಕೊಳ್ಳುವಾಗ ಲೀಟರ್ ನೋಡದೆ ಗ್ರಾಂ ನೋಡಬೇಕು.

ಈಗ ಮನೆಯ ಪಾತ್ರೆಯ ಲೆಕ್ಕ. ಕೆನೆಭರಿತ ಹಾಲಿನಲ್ಲಿ, ಉದಾಹರಣೆಗೆ ನಂದಿನಿಯ ಸಮೃದ್ಧಿಯಲ್ಲಿ, ನೂರಕ್ಕೆ 6 ಜಿಡ್ಡು, 9 ಜಿಡ್ಡಲ್ಲದ ಘನಾಂಶ. ಒಂದು ಲೀಟರಿಗೆ ಸುಮಾರು 62 ಗ್ರಾಂ ಜಿಡ್ಡು, 93 ಗ್ರಾಂ ಉಳಿದ ಘನಾಂಶ, ಮಿಕ್ಕದ್ದೆಲ್ಲ ನೀರು. ಇದನ್ನು ಕಾಯಿಸಿ ಅರ್ಧ ಕೆ.ಜಿ.ಗೆ ಇಳಿಸಿದರೆ ಹೋಗುವುದು ನೀರು ಮಾತ್ರ. ಜಿಡ್ಡು ನೂರಕ್ಕೆ 12 ದಾಟುತ್ತದೆ. ಸಕ್ಕರೆ ಸೇರಿದ ಮೇಲೂ 10ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಒಟ್ಟು ಘನಾಂಶ 40ರ ಮೇಲಿರುತ್ತದೆ. ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ, ಜಿ.ಎಂ.ಎಸ್. ಇಲ್ಲ, ಬೆಣ್ಣೆಯೂ ಇಲ್ಲ. ಬರೀ ಹಾಲು ಮತ್ತು ತಾಳ್ಮೆಯಿಂದ ಕಾನೂನು ಕೇಳುವ ಐಸ್‌ಕ್ರೀಮಿಗಿಂತ ದಪ್ಪದ ಪದಾರ್ಥ ಸಿಗುತ್ತದೆ. ಕಡಿಮೆ ಜಿಡ್ಡಿನ ಹಾಲಿನಲ್ಲಿ ಮಾಡಿದರೆ ಈ ಲೆಕ್ಕ ಕೂಡುವುದಿಲ್ಲ, ಅದಕ್ಕೇ ಅದು ಕಲ್ಲಾಗುತ್ತದೆ.

ಕುಲ್ಫಿ ಮಾಡುವವರು ಈ ಗುಟ್ಟನ್ನು ಫ್ರಿಜ್ ಬರುವ ಎಷ್ಟೋ ಕಾಲ ಮುಂಚೆಯೇ ಕಂಡುಕೊಂಡಿದ್ದರು. ಐಸಿಗೆ ಉಪ್ಪು ಬೆರೆಸಿ ಅದರಲ್ಲಿ ಮುಚ್ಚಿದ ಅಚ್ಚು ಹೂಳುತ್ತಿದ್ದರು. ಉಪ್ಪು ಸೇರಿದ ಐಸ್ ಸೊನ್ನೆಗಿಂತ 20 ಡಿಗ್ರಿಯಷ್ಟು ಕೆಳಗಿಳಿಯಬಲ್ಲದು. ಕೈಯಲ್ಲಿ ತಿರುಗಿಸುವ ಮರದ ಬಕೆಟ್ಟಿನಲ್ಲೂ ಇದೇ ಉಪಾಯ. ಆದರೆ ಒಂದು ಲೀಟರ್ ಹಾಲಿಗಾಗಿ ನಾಲ್ಕೈದು ಕೆ.ಜಿ. ಐಸ್ ಕರಗಿಸಿ ಉಪ್ಪುನೀರನ್ನು ಚರಂಡಿಗೆ ಸುರಿಯುವ ಈ ವಿಧಾನ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಫ್ರೀಜರ್ ಸಾಕು.

ಮುಲ್ಕಿಯಲ್ಲಿ ಹಣ್ಣು ಮಾರುವವರ ಮನೆಯಲ್ಲಿ ಹುಟ್ಟಿದ ರಘುನಂದನ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ ಐಸ್‌ಕ್ರೀಮ್ ಅಂಗಡಿ ತೆರೆದಾಗ ಅವರು ನಂಬಿದ್ದು ಹಾಲು, ಸಕ್ಕರೆ, ಹಣ್ಣು ಈ ಮೂರನ್ನೇ. ಅದೇ ಮುಂದೆ 'ನ್ಯಾಚುರಲ್' ಎಂದು ದೊಡ್ಡದಾಯಿತು. ಅವರು 2024ರಲ್ಲಿ ತೀರಿಕೊಂಡರು. ಎಳನೀರಿನ ಐಸ್‌ಕ್ರೀಮನ್ನು ಪೇಟೆಯವರ ನಾಲಗೆಗೆ ಹತ್ತಿಸಿದವರಲ್ಲಿ ಅವರ ಹೆಸರು ಮುಂದೆ ಬರುತ್ತದೆ.

ಒಂದು ದಿನದ ಕ್ರಮ

ಬೆಳಿಗ್ಗೆ ಆರಕ್ಕೆ ಒಂದು ಲೀಟರ್ ಕೆನೆಭರಿತ ಹಾಲನ್ನು ಸೋಸಿ ಅಗಲ ಬಾಯಿಯ, ದಪ್ಪ ತಳದ ಬಾಣಲೆಗೆ ಹಾಕಬೇಕು. ಮರದ ಸೌಟನ್ನು ನೇರವಾಗಿ ಅದ್ದಿ ಹಾಲಿನ ಮಟ್ಟಕ್ಕೆ ಒಂದು ಗುರುತು, ಅದರ ಅರ್ಧಕ್ಕೆ ಇನ್ನೊಂದು ಗುರುತು ಮಾಡಿಕೊಂಡರೆ ಎಷ್ಟು ಇಳಿಯಿತು ಎಂದು ಊಹಿಸುವ ಕಷ್ಟವಿಲ್ಲ. ಒಂದು ಕುದಿ ಬಂದ ಮೇಲೆ ಉರಿ ಮಧ್ಯಮ. ಬದಿಗೆ ಅಂಟುವ ಕೆನೆಯನ್ನು ಕೆರೆದು ಮತ್ತೆ ಹಾಲಿಗೇ ಹಾಕುತ್ತಿರಬೇಕು, ತಿನ್ನುವಾಗ ಹಲ್ಲಿಗೆ ಸಿಗುವ ರುಚಿ ಅದೇ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಆ ಹೊತ್ತು ಒಲೆ ಬಿಟ್ಟು ಹೋಗಬಾರದು. ತಳ ಹಿಡಿದ ವಾಸನೆ ಎಷ್ಟು ಏಲಕ್ಕಿ ಹಾಕಿದರೂ ಹೋಗುವುದಿಲ್ಲ.

ಅರ್ಧಕ್ಕೆ ಇಳಿದಾಗ 50 ಗ್ರಾಂ ಸಕ್ಕರೆ, ನಾಲ್ಕು ಏಲಕ್ಕಿಯ ಪುಡಿ, ಬಿಸಿ ಹಾಲಿನಲ್ಲಿ ನೆನೆಸಿದ ಕೇಸರಿಯ ಹತ್ತು ಹನ್ನೆರಡು ಎಸಳು. ಏಲಕ್ಕಿಯನ್ನು ಸಿಪ್ಪೆ ಬಿಡಿಸಿ ಕಾಳು ನೋಡಿಯೇ ಪುಡಿ ಮಾಡಬೇಕು, ಬಾದಾಮಿ ಪಿಸ್ತಾವನ್ನೂ ಒಂದೊಂದಾಗಿ ಸೀಳಿ ಶೋಧಿಸಬೇಕು. ಗೋಡಂಬಿಯ ಎರಡು ಹೋಳಿನ ನಡುವೆ ಹುಳು ಕೂರುವುದನ್ನು ಕಿರಾಣಿ ವ್ಯಾಪಾರ ಮಾಡಿದವರೆಲ್ಲ ಕಂಡಿದ್ದಾರೆ.

ಈಗ ಮುಖ್ಯವಾದ ಹಂತ. ಪಾತ್ರೆಯಿಂದ ಒಂದು ದೊಡ್ಡ ಬಟ್ಟಲು, ಸುಮಾರು 150 ಗ್ರಾಂ, ಬೇರೆ ತೆಗೆಯಬೇಕು. ಅದು ಬಾಸುಂದಿ. ಮೇಲೆ ಸೀಳಿದ ಬಾದಾಮಿ ಉದುರಿಸಿದರೆ ಐಸ್ ಮುಟ್ಟದ ಅಜ್ಜ ಅಜ್ಜಿಯರ ಪಾಲು ಸಿದ್ಧ, ಫ್ರಿಜ್ಜಿನ ಸಂಬಂಧವೇ ಇಲ್ಲದೆ ಮಧ್ಯಾಹ್ನದ ಊಟಕ್ಕೆ ಬಡಿಸಬಹುದು. ಸಂಜೆಯವರೆಗೆ ಹಾಗೇ ಹೊರಗೆ ಇಡುವುದು ಬೇಡ, ಬೇಸಿಗೆಯಲ್ಲಿ ಹಾಲು ಕೆಡುತ್ತದೆ. ಸಂಜೆಗೇ ಕೊಡಬೇಕೆಂದರೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು, ಕೊಡುವ ಮುಂಚೆ ಮತ್ತೆ ಬೆಚ್ಚಗೆ ಮಾಡಿ ಕೊಡಬೇಕು. ಹೀಗೆ ತೆಗೆದ ಮೇಲೆ ಉಳಿದ ಹಾಲಿಗೆ ಇನ್ನೂ 25 ಗ್ರಾಂ ಸಕ್ಕರೆ ಹಾಕಿ ಕರಗಿಸಬೇಕು. ತಣ್ಣಗಾದ ಪದಾರ್ಥದ ಸಿಹಿ ನಾಲಗೆಗೆ ಕಡಿಮೆ ತಿಳಿಯುತ್ತದೆ. ಬಾಸುಂದಿಗೆ ಸರಿಯಾದ ಸಕ್ಕರೆ ಕುಲ್ಫಿಗೆ ಸಪ್ಪೆ, ಕುಲ್ಫಿಗೆ ಸರಿಯಾದದ್ದು ಬಾಸುಂದಿಗೆ ಅತಿ. ಸಕ್ಕರೆ ಕಾಯಿಲೆಯ ಹಿರಿಯರಿಗಂತೂ ಮೊದಲ 50 ಗ್ರಾಂ ಹಾಕುವ ಮುಂಚೆಯೇ ತೆಗೆದಿಡುವುದು ಲೇಸು.

ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಆಮೇಲೆ ಒಂದು ಗಂಟೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು, ಹತ್ತು ಗಂಟೆಯ ಹೊತ್ತಿಗೆ ಅಚ್ಚುಗಳಿಗೆ ಹಾಕಬೇಕು. ಬಿಸಿಯಾಗಿಯೇ ಫ್ರೀಜರಿಗೆ ಹಾಕಿದರೆ ನಿಧಾನವಾಗಿ ಗಟ್ಟಿಯಾಗಿ ದೊಡ್ಡ ದೊಡ್ಡ ಹರಳು ಕಟ್ಟುತ್ತದೆ, ಫ್ರೀಜರೂ ಬೆಚ್ಚಗಾಗುತ್ತದೆ. ಅಚ್ಚು ಚಿಕ್ಕದಿರಬೇಕು. 60ರಿಂದ 70 ಮಿ.ಲೀ. ಹಿಡಿಯುವ ಅಚ್ಚಿನಲ್ಲಿ ಐದಾರು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಒಂದು ಲೀಟರ್ ಡಬ್ಬಿಯಲ್ಲಾದರೆ ರಾತ್ರಿ ಕಳೆಯಬೇಕು. ಒಂದೇ ದಿನದಲ್ಲಿ ಮುಗಿಸುವ ಗುಟ್ಟು ಅಚ್ಚಿನ ಅಳತೆಯಲ್ಲಿದೆ. ಅಚ್ಚು ಇಲ್ಲದವರು ಸಣ್ಣ ಸ್ಟೀಲ್ ಲೋಟಗಳಿಗೆ ಹಾಕಿ ಮುಚ್ಚಳ ಅಥವಾ ಬೆಳ್ಳಿ ಬಣ್ಣದ ಹಾಳೆ ಕಟ್ಟಬಹುದು. ಸ್ಟೀಲ್ ಪ್ಲಾಸ್ಟಿಕ್ಕಿಗಿಂತ ಬೇಗ ತಂಪು ಹಿಡಿಯುತ್ತದೆ. ನಾಲ್ಕೂವರೆ ಐದು ಗಂಟೆಗೆ ಆರು ಕುಲ್ಫಿ ತಯಾರು. ಅಚ್ಚನ್ನು ನೀರಿನಲ್ಲಿ ಅರೆಕ್ಷಣ ಅದ್ದಿ ತೆಗೆದರೆ ಬಿಡುತ್ತದೆ. ಗಾಳಿ ಸೇರದ ಕಾರಣ ಕುಲ್ಫಿ ಗಟ್ಟಿ, ಐದು ನಿಮಿಷ ಹೊರಗಿಟ್ಟು ಕೊಡಬೇಕು.

ಹುಟ್ಟುಹಬ್ಬವನ್ನೇ ಐದು ಗಂಟೆಗೆ ಮಾಡಿದರೆ ಏನು ಎಂದು ಕೇಳುವ ಮನೆಗಳು ಈಗ ಕಾಣುತ್ತಿವೆ. ಭಾನುವಾರವಾದರೆ ಯಾರಿಗೂ ತೊಂದರೆಯಿಲ್ಲ.

ಮೆದು ಐಸ್‌ಕ್ರೀಮ್ ಬೇಕೆಂದರೆ

ಸ್ಕೂಪಿನಲ್ಲಿ ತೆಗೆಯುವ ಹಾಗೆ ಮೆತ್ತಗಿರಬೇಕಾದರೆ ಜಿಡ್ಡು ಸ್ವಲ್ಪ ಹೆಚ್ಚು, ಜೊತೆಗೆ ಗಾಳಿ. ಒಂದು ಲೀಟರ್ ಹಾಲನ್ನು 600 ಗ್ರಾಂಗೆ ಇಳಿಸಿ, 110 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ 25 ಭಾಗ ಜಿಡ್ಡಿನ ಫ್ರೆಶ್ ಕ್ರೀಮ್ 200 ಗ್ರಾಂ ಬೆರೆಸಿದರೆ ಜಿಡ್ಡು ನೂರಕ್ಕೆ 12 ಆಗುತ್ತದೆ. ಕ್ರೀಮ್ ಕೊಳ್ಳುವಾಗ ಹಾಲಿನದೇ ನೋಡಬೇಕು. ಕೇಕಿಗೆ ಬಳಸುವ 'ವಿಪ್ಪಿಂಗ್ ಕ್ರೀಮ್' ಬಹುಪಾಲು ಸಸ್ಯದ ಎಣ್ಣೆ, ಸಕ್ಕರೆ ಮತ್ತು ಸಂಖ್ಯೆಗಳ ಸಾಲು. ಅಗಲವಾದ ತಟ್ಟೆಯಂಥ ಡಬ್ಬಿಯಲ್ಲಿ ಒಂದು ಅಂಗುಲ ದಪ್ಪಕ್ಕೆ ಹರಡಿ ಫ್ರೀಜರಿಗಿಟ್ಟು, ಅಂಚು ಗಟ್ಟಿಯಾಗುತ್ತಿದ್ದಂತೆ ಮುಕ್ಕಾಲು ಗಂಟೆಗೊಮ್ಮೆ ತೆಗೆದು ಕಡೆಗೋಲಿನಿಂದಲೋ ಫೋರ್ಕಿನಿಂದಲೋ ಚೆನ್ನಾಗಿ ಕಡೆಯಬೇಕು, ಮೂರು ಸಲ. ಹರಳು ಒಡೆಯುತ್ತದೆ, ಗಾಳಿ ಸೇರುತ್ತದೆ. ಮಿಕ್ಸಿಯಲ್ಲಿ ತಿರುಗಿಸಿದರೆ ಕ್ರೀಮ್ ಬೆಣ್ಣೆಯಾಗುವ ಅಪಾಯ ಇದೆ. ಬೆಣ್ಣೆ ನಮ್ಮಲ್ಲಿ ಅಭಕ್ಷ್ಯದ ಪಟ್ಟಿಯಲ್ಲಿರುವುದರಿಂದ ಅದನ್ನು ಕಾಯಿಸಿ ತುಪ್ಪ ಮಾಡಿಕೊಳ್ಳುವುದೇ ದಾರಿ.

ಮಾವಿನ ಕಾಲದಲ್ಲಿ ಒಂದು ಕಪ್ ಬಾದಾಮಿ ಅಥವಾ ರಸಪುರಿ ಹಣ್ಣಿನ ರಸವನ್ನು, ಹಾಲು ಪೂರ್ತಿ ಆರಿದ ಮೇಲೆಯೇ, ಬೆರೆಸಬಹುದು. ಬಿಸಿ ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ. ರಸದಲ್ಲಿ ನೀರು ಹೆಚ್ಚಿರುವ ಕಾರಣ ಅದನ್ನೂ ಬಾಣಲೆಯಲ್ಲಿ ಸ್ವಲ್ಪ ಇಂಗಿಸಿ ಆರಿಸಿಕೊಳ್ಳುವುದು ಮೇಲು. ಆರಿದ್ರಾ ಮಳೆ ಶುರುವಾದ ಮೇಲೆ, ಅಂದರೆ ಜೂನ್ ಕೊನೆಯ ವಾರದಿಂದ, ಮಾವು ಬಿಡುವ ಶ್ವೇತಾಂಬರ ಕುಟುಂಬಗಳಿವೆ. ಅತಿಥಿಗಳಿಗೆ ಬಡಿಸುವಾಗ ಇದು ನೆನಪಿರಲಿ.

ಎಳನೀರಿನ ತೆಳು ಗಂಜಿಯನ್ನು ರುಬ್ಬಿ ಸೇರಿಸಿದರೆ ಬಣ್ಣ, ಪರಿಮಳ ಏನೂ ಬೇಡ. ಚಾಕೊಲೇಟ್ ಬೇಕೆನ್ನುವ ಮಕ್ಕಳಿಗೆ ಎರಡು ದೊಡ್ಡ ಚಮಚ ಕೋಕೋ ಪುಡಿ ಹಾಲು ಕುದಿಯುವಾಗಲೇ ಹಾಕಬೇಕು. ಪುತ್ತೂರಿನ ಕ್ಯಾಂಪ್ಕೋ ಕಾರ್ಖಾನೆ 1986ರಿಂದ ನಮ್ಮ ತೋಟದ ಕೋಕೋವನ್ನೇ ಬಳಸುತ್ತಿದೆ. ಕುಲ್ಫಿಯ ಮೇಲೆ ಬೆಳ್ಳಿಯ ವರಕ್ ಹಚ್ಚುವ ಆಸೆ ಇರುವವರು ಮೂಲ ವಿಚಾರಿಸಿ ತರಬೇಕು. ಪ್ರಾಣಿಗಳ ಕರುಳಿನ ಪದರದ ನಡುವೆ ಬಡಿದು ಮಾಡುವ ಪದ್ಧತಿಯನ್ನು 2016ರಲ್ಲಿ ನಿಯಮ ತಂದು ನಿಷೇಧಿಸಿದ್ದಾರೆ, ಆದರೂ ಬಿಡಿ ವರಕ್ ಕೊಳ್ಳದಿರುವುದೇ ಸುರಕ್ಷಿತ.

ಕೆಡುವುದು ಎಲ್ಲಿ

ಹಲ್ಲಿಗೆ ಐಸ್ ಹರಳು ಸಿಕ್ಕರೆ ಹಾಲು ಸಾಕಷ್ಟು ಇಳಿದಿಲ್ಲ. ಮರಳು ಮರಳಾಗಿದ್ದರೆ ಅತಿಯಾಗಿ ಇಳಿದಿದೆ. ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಹಾಲಿನದೇ ಸಕ್ಕರೆ ಕರಗಿರಲು ನೀರು ಸಾಲದೆ ಸಣ್ಣ ಹರಳಾಗಿ ಕೂರುತ್ತದೆ, ಹೆಚ್ಚು ದಿನ ಇಟ್ಟಷ್ಟೂ ಹೆಚ್ಚು. ಗಟ್ಟಿಯೇ ಆಗದಿದ್ದರೆ ಸಕ್ಕರೆ ಜಾಸ್ತಿಯಾಗಿದೆ. ಸಕ್ಕರೆ ಹೆಚ್ಚಿದಷ್ಟೂ ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿ ಸಾಲುವುದಿಲ್ಲ. ಸಿಹಿಗೆ ಬೆಲ್ಲ ಹಾಕುವವರು ಹಾಲು ಪೂರ್ತಿ ಆರಿದ ಮೇಲೆ ಹಾಕಬೇಕು.

ಕರಗಿದ್ದನ್ನು ಮತ್ತೆ ಗಟ್ಟಿಯಾಗಿಸುವುದು ಮಾತ್ರ ಎಂದಿಗೂ ಬೇಡ. ಬೇಸಿಗೆಯ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋಗಿ ಬಂದರೆ ಮೇಲ್ನೋಟಕ್ಕೆ ಏನೂ ತಿಳಿಯುವುದಿಲ್ಲ, ಆದರೆ ಕರಗಿದ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿರುತ್ತವೆ, ತಂಪು ಅವನ್ನು ಕೊಲ್ಲುವುದಿಲ್ಲ. ರುಚಿ ಬದಲಾದ ಪದಾರ್ಥವನ್ನು ಚಲಿತ ರಸ ಎಂದು ನಮ್ಮ ಹಿರಿಯರು ಅಭಕ್ಷ್ಯಕ್ಕೆ ಸೇರಿಸಿದ್ದು ಇದಕ್ಕೇ. ಅಂಗಡಿಯಿಂದ ತರುವ ಡಬ್ಬಿಯ ಮುಚ್ಚಳದ ಒಳಗೆ ಐಸಿನ ಪುಡಿ ದಪ್ಪನಾಗಿ ಕೂತಿದ್ದರೆ ಅದು ಒಮ್ಮೆಯಾದರೂ ಕರಗಿ ಗಟ್ಟಿಯಾಗಿದೆ ಎಂದು ತಿಳಿದು ಹಿಂದಿರುಗಿಸಬಹುದು.

ಬಾಡಿಗೆ ಮನೆಯಲ್ಲಿ, ಹಾಸ್ಟೆಲಿನಲ್ಲಿ ಫ್ರಿಜ್ ಹಂಚಿಕೊಳ್ಳುವ ಮಕ್ಕಳು ಬೇರೆ ಮುಚ್ಚಳದ ಡಬ್ಬಿ ಇಟ್ಟುಕೊಳ್ಳಬೇಕು. ಹಾಲಿನ ಜಿಡ್ಡು ಪಕ್ಕದ ವಾಸನೆಯನ್ನು ಬೇಗ ಹೀರುತ್ತದೆ.

ಸೂರ್ಯಾಸ್ತದ ಲೆಕ್ಕವೊಂದು ಉಳಿಯಿತು. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಆರೂವರೆಯ ನಂತರ, ಹಾಗಾಗಿ ಆರಕ್ಕೆ ಹಾಲಿಟ್ಟರೆ ಸಾಕಷ್ಟು ಸಮಯವಿದೆ. ದೀಪಾವಳಿಯ ಆಸುಪಾಸಿನಲ್ಲಿ, ನವೆಂಬರಿನಲ್ಲಿ, 5.50ಕ್ಕೇ ಮುಳುಗುತ್ತಾನೆ. ಆಗ ಹಾಲನ್ನು ಐದು ಗಂಟೆಗೇ ಒಲೆಯ ಮೇಲಿಡಬೇಕು, ಅದಕ್ಕೆ ಹಿಂದಿನ ಸಂಜೆಯ ಪ್ಯಾಕೆಟ್ ತರದೆ ಬೆಳಗಿನ ಮೊದಲ ಗಾಡಿಯ ಹಾಲನ್ನೇ ಬೂತಿನವರಿಗೆ ಹೇಳಿ ಇರಿಸಿಕೊಳ್ಳಬೇಕು.